ಪಾಟೀಚೀಲದ ಗೆಜ್ಜೆ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಮೊಮ್ಮಗಳು ಜಗಲಿಯ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಳು. ನಾನು ಹತ್ತಿರ ಬಂದೊಡನೆ ಅದನ್ನು ಮಗುಚಿಟ್ಟು, ಪಕ್ಕದಲ್ಲಿದ್ದ ರಸಾಯನಶಾಸ್ತ್ರದ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡಳು. ಹಾಗೆ ಎಳೆದುಕೊಳ್ಳುವ ರೀತಿ ನನಗೆ ಬಹಳ ಪರಿಚಿತವಾದುದು. ಅರವತ್ತು ವರ್ಷಗಳ ಹಿಂದೆ ಅದೇ ಜಗಲಿಯಲ್ಲಿ, ಅದೇ ಕಂಬಕ್ಕೆ ಒರಗಿ, ನಾನೂ ಹಾಗೆಯೇ ಪುಸ್ತಕ ಎಳೆದುಕೊಂಡವನು. ಆದುದರಿಂದ ಗದರಿಸುವ ಬದಲು "ಎಂತದು ತಂಗಿ ಅದು?" ಎಂದು ಕೇಳಿದೆ. ಸ್ವಲ್ಪ ಹೊತ್ತು ನಾಚಿ, ಆಮೇಲೆ ಅವಳು ನನಗೂ ತೋರಿಸಿದಳು.

ಅದು ಜಪಾನೀಯರ ಒಂದು ಚಿತ್ರಮಾಲಿಕೆ. ಬಣ್ಣದ ಚಿತ್ರಗಳನ್ನು ಓಡಿಸಿ ಕಥೆ ಹೇಳುವ, ಅವರು ಅನಿಮೆ ಎಂದು ಕರೆಯುವ ಜಾತಿಯದು. ಇಂಗ್ಲಿಷಿನಲ್ಲಿ 'ಮೈ ಡ್ರೆಸ್-ಅಪ್ ಡಾರ್ಲಿಂಗ್' ಎಂಬ ಹೆಸರು. ಶಿನಿಚಿ ಫುಕುದಾ ಎಂಬವರು 2018ರಿಂದ ಬರೆಯುತ್ತ ಬಂದ ಚಿತ್ರಕಥೆಯಿಂದ 2022ರಲ್ಲಿ ಮಾಡಿದುದಂತೆ. ಕಥೆ ಸರಳವಾದುದು. ಗೊಜೊ ಎಂಬ ಹೈಸ್ಕೂಲು ಹುಡುಗ. ಅವನ ಅಜ್ಜ ಹಿನಾ ಗೊಂಬೆಗಳ ಮುಖ ಮಾಡುವ ಕುಶಲಿ. ಮಾರ್ಚಿ 3ರಂದು ಹೆಣ್ಣುಮಕ್ಕಳ ಹಬ್ಬಕ್ಕೆ ಜಪಾನಿನ ಮನೆಗಳಲ್ಲಿ ಮೆಟ್ಟಲು ಕಟ್ಟಿ ಕೂರಿಸುವ ಗೊಂಬೆಗಳಿವು. ನಮ್ಮ ಮೈಸೂರು ಕಡೆಯ ದಸರೆಯ ಗೊಂಬೆಗಳಂತೆ. ಹುಡುಗನಿಗೂ ಗೊಂಬೆಯ ಹುಚ್ಚು. ಗೊಂಬೆಗೆ ಮುಖ ಬರೆಯುತ್ತಾನೆ, ಉಡುಪು ಹೊಲಿಯುತ್ತಾನೆ. ಆದರೆ ಎಳೆತನದಲ್ಲಿ ಗೆಳತಿಯೊಬ್ಬಳು, ಗಂಡಾಗಿ ಗೊಂಬೆ ಮೆಚ್ಚುವುದೆಂದರೇನೆಂದು ಹೀನಾಯ ಮಾಡಿದ್ದರಿಂದ ಆ ಸಂಗತಿಯನ್ನು ಯಾರಿಗೂ ಹೇಳದೆ, ಸ್ನೇಹಿತರೇ ಇಲ್ಲದೆ, ಶಾಲೆಯಲ್ಲಿ ತಲೆ ತಗ್ಗಿಸಿ ಬದುಕುತ್ತಾನೆ. ಒಂದು ದಿನ ಶಾಲೆಯ ಹೊಲಿಗೆಯ ಕೋಣೆಯಲ್ಲಿ ತರಗತಿಯ ಅತ್ಯಂತ ಮಾತಿನ ಹುಡುಗಿಯ ಕಣ್ಣಿಗೆ ಬೀಳುತ್ತಾನೆ. ಆಕೆ ನಗುವುದಿಲ್ಲ. ಬದಲಿಗೆ, ತನಗೂ ಒಂದು ವೇಷ ಹೊಲಿದು ಕೊಡು ಎನ್ನುತ್ತಾಳೆ. ಅಲ್ಲಿಂದ ಪ್ರೇಮದ ಹಾಸ್ಯಕಥೆ ಸಾಗುತ್ತದೆ. ಅದರಲ್ಲಿ ಮನೆಮಂದಿಯೊಡನೆ ಕುಳಿತು ನೋಡಲು ಮುಜುಗರವಾಗುವ ದೃಶ್ಯಗಳೂ ಉಂಟು. ಮೊಬೈಲು ಮಗುಚಿದುದಕ್ಕೆ ಅದೂ ಒಂದು ಕಾರಣವಿರಬೇಕು.

ಇಂಥವನ್ನು ಹುಡುಗಾಟಿಕೆಯ ಚಿತ್ರವೆಂದು ದೊಡ್ಡವರು ತಳ್ಳಿಹಾಕುವುದುಂಟು. ನಾನೂ ಹಾಕುತ್ತಿದ್ದೆನೋ ಏನೋ. ಆದರೆ ಆ ಹುಡುಗ ಬಾಗಿಲು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುವುದನ್ನು ಕಂಡಾಗ, ನನಗೆ ನೆನಪಾದುದು ಜಪಾನಲ್ಲ. ನಮ್ಮ ಕುಮಟೆ–ಹೊನ್ನಾವರದ ಸೀಮೆ. ಇಲ್ಲಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಹೀಗೆಯೇ ಒಂದು ಹವ್ಯಾಸವನ್ನು ಬಚ್ಚಿಟ್ಟುಕೊಂಡು ಬೆಳೆದರು. ಅದರ ಹೆಸರು 'ಆಟ'. ಪಟ್ಟಣದ ವಾಚಕರು ಅದನ್ನು ಯಕ್ಷಗಾನ ಎಂದು ಬಲ್ಲರು.

ನಮ್ಮ ಊರು ಧಾರೇಶ್ವರ. ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಡಲಿನ ಮಗ್ಗುಲಿಗೆ ಸಿಗುವ ಹಳ್ಳಿ. ಗೋಕರ್ಣದ ಆತ್ಮಲಿಂಗದ ಕಥೆ ಎಲ್ಲರೂ ಕೇಳಿದುದೇ. ರಾವಣ ಲಿಂಗವನ್ನು ಕೀಳಲಾರದೆ ಸಿಟ್ಟಿನಿಂದ ಅದರ ಪರಿಕರಗಳನ್ನು ಎಸೆದನಷ್ಟೆ. ಸಂಪುಟ ಬಿದ್ದಲ್ಲಿ ಸಜ್ಜೇಶ್ವರ, ಮುಚ್ಚಳ ಬಿದ್ದಲ್ಲಿ ಗುಣವಂತೆಯ ಗುಣೇಶ್ವರ, ವಸ್ತ್ರ ಬಿದ್ದಲ್ಲಿ ಮುರುಡೇಶ್ವರ ಆದವು. ನಮ್ಮ ಊರಿನ ಪಾಲಿಗೆ ಬಂದುದು ಸುತ್ತಿದ್ದ ದಾರ ಮಾತ್ರ. ಉಳಿದ ಊರಿನವರು ಇದನ್ನು ಹೇಳಿ ನಮ್ಮನ್ನು ನಗುವುದುಂಟು. ಆದರೆ ಆ ಕಥೆಯಲ್ಲಿ ನನಗೆ ಸೇರುವ ಭಾಗ ಬೇರೆ. ರಾವಣನ ಕೈಯಿಂದ ಲಿಂಗ ತೆಗೆದುಕೊಂಡು ನೆಲಕ್ಕಿಟ್ಟವನು ವಟುವೇಷದ ಗಣಪತಿ. ಎಂದರೆ ಒಬ್ಬ ವಿದ್ಯಾರ್ಥಿ! ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮುಗ್ಧನಂತೆ ನಿಂತು, ಮೂರು ಸಲ ಕೂಗಿ, ದೊಡ್ಡವನೊಬ್ಬನನ್ನು ಮಂಕು ಮಾಡಿದ ವಿದ್ಯಾರ್ಥಿ. ನಮ್ಮ ಕರಾವಳಿಯ ಪ್ರಥಮ ಪ್ರಹಸನ ಅದೇ ಎಂದರೆ ಆಸ್ತಿಕರು ಕೋಪಿಸಿಕೊಳ್ಳಬಾರದು.

ಭತ್ತದ ಕೊಯ್ಲು ಮುಗಿದು ದೀಪಾವಳಿ ಕಳೆಯಿತೆಂದರೆ ನಮ್ಮಲ್ಲಿ ಆಟದ ಕಾಲ. ಮತ್ತೆ ಮಳೆ ಹಿಡಿಯುವವರೆಗೂ ಅದೇ. ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನ ತೋರಣ ಕಟ್ಟಿದರೆ ರಂಗಸ್ಥಳವಾಯಿತು. ಹಿಂದೆ ದೊಂದಿಯ ಬೆಳಕು, ಆಮೇಲೆ ಗ್ಯಾಸಲೈಟು, ನನ್ನ ಕಣ್ಣೆದುರಿಗೇ ವಿದ್ಯುದ್ದೀಪ. ರಾತ್ರಿ ಚಂಡೆ ಬಿದ್ದರೆ ಮೂರು ನಾಲ್ಕು ಹರದಾರಿ ದೂರದ ಮಂದಿ ತೆಂಗಿನ ಗರಿಯ ಸೂಡಿ ಹಿಡಿದು ಹೊರಡುತ್ತಿದ್ದರು. ಬೆಳಗಿನ ಮಂಗಳ ಪದ್ಯದ ಹೊತ್ತಿಗೆ ಮಕ್ಕಳು ಕಂಬಳಿಯೊಳಗೆ ಮುದುಡಿ ನಿದ್ರಿಸುತ್ತಿದ್ದರು.

ಈ ಆಟ ನಮ್ಮಲ್ಲೇ ಕಟ್ಟಿಬಿದ್ದುದಲ್ಲ. 1842ರಲ್ಲಿ ಉತ್ತರ ಕನ್ನಡದ ಒಂದು ಭಾಗವತ ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿ, ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಆಡಿ ತೋರಿಸಿತು. ಅದು ಕರ್ಕಿಯ ಮೇಳವೆಂದು ನಮ್ಮ ಕಡೆಯವರ ಹೆಮ್ಮೆ. ಕರ್ಕಿ ಎಂದರೆ ನಮ್ಮಿಂದ ತೆಂಕಕ್ಕೆ, ಹೊನ್ನಾವರ ಮುಟ್ಟುವ ಮೊದಲು ಸಿಗುವ ಊರು. ಆಟ ಕಂಡು ಮೆಚ್ಚಿದ ಅರಸರು, ಮರಾಠಿಯಲ್ಲಿಯೂ ಇಂಥದೊಂದು ಮಾಡು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. 1843ರ ನವೆಂಬರ 5ರಂದು ಭಾವೆಯ 'ಸೀತಾ ಸ್ವಯಂವರ' ಆಡಲ್ಪಟ್ಟಿತು. ಮಹಾರಾಷ್ಟ್ರದವರು ಈಗಲೂ ಆ ದಿನವನ್ನು ಮರಾಠಿ ರಂಗಭೂಮಿಯ ದಿನವೆಂದು ಆಚರಿಸುತ್ತಾರೆ. ನೆರೆಯವರ ರಂಗಭೂಮಿಗೆ ಕಿಡಿ ಕೊಟ್ಟ ಕಲೆಯನ್ನು ಹೆತ್ತ ಊರಿನ ಹುಡುಗ ಮಾತ್ರ ಮುಚ್ಚಿಡಬೇಕಾದ ಕಾಲ ಬಂದುದೇಕೆ?

ಕಾರಣ ಹುಡುಕುವುದು ಕಷ್ಟವಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ಕಾಲಕ್ಕೆ ಅಮೆರಿಕೆಯ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಹತ್ತಿ ಸಿಗದಾಗಿ, ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹರಿಯಿತು. 'ಕುಮಟಾ ಹತ್ತಿ' ಎಂಬ ಹೆಸರೇ ಪೇಟೆಯಲ್ಲಿ ಹುಟ್ಟಿಕೊಂಡಿತು. ಹತ್ತಿಯ ಜೊತೆ ಮನುಷ್ಯರೂ ಮುಂಬಯಿಯ ದಾರಿ ಕಂಡರು. ಮುಂದೆ ರೈಲು ಬೇರೆ ಕಡೆ ಹೋಗಿ ಬಂದರಿನ ವೈಭವ ಇಳಿಯಿತು. ಆದರೆ ಮುಂಬಯಿಯ ದಾರಿ ಉಳಿಯಿತು. ಅಡಕೆ ತೋಟ ತುಂಡಾಗುತ್ತ ಬಂದ ಮನೆಗಳಿಗೆ ಮಗನ ಇಂಗ್ಲಿಷು ಶಾಲೆ, ಮ್ಯಾಟ್ರಿಕ್ಕು, ಮುಂಬಯಿಯ ಕಚೇರಿಯ ಕೆಲಸ, ಇವೇ ಮುಂದಿನ ದಾರಿ. ರಾತ್ರಿಯಿಡೀ ಆಟ ನೋಡಿದವನು ಮರುದಿನ ಬೀಜಗಣಿತ ಮಾಡುವುದೆಂತು? ಇದು ಒಂದು ಕಾರಣ. ಹೇಳಿಕೊಳ್ಳಲು ಯೋಗ್ಯವಾದ ಕಾರಣ. ಇನ್ನೊಂದನ್ನು ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಆಟದಲ್ಲಿ ಶೃಂಗಾರವಿತ್ತು, ಹೆಣ್ಣು ತನಗೆ ಬೇಕಾದವನನ್ನು ಮೆಚ್ಚುವುದಿತ್ತು; ಆ ಹೆಣ್ಣಾಗಿ ಕುಣಿಯುವವನು ಗಂಡಾಗಿದ್ದನು.

ಇದನ್ನು ತಿಳಿಯಬೇಕಾದರೆ ಹಗಲಿನ ಮದುವೆಯನ್ನೂ ರಾತ್ರಿಯ ಮದುವೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಗಲಿನ ಮದುವೆಯ ಚಿತ್ರ ಬರೆದಿಟ್ಟವನು ಅದೇ ಕರ್ಕಿಯವನು, ಸೂರಿ ವೆಂಕಟರಮಣ ಶಾಸ್ತ್ರಿ. ಅವನ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ' 1887ರಲ್ಲಿ ಹೊರಬಂದಿತು. 'ಕನ್ಯಾವಿಕ್ರಯದ ಪರಿಣಾಮ' ಎಂಬುದು ಅದರ ಇನ್ನೊಂದು ಹೆಸರು. ಆಗ ಹವ್ಯಕರಲ್ಲಿ ಹೆಣ್ಣಿಗೆ ತೆರ ಕೊಡಬೇಕಿತ್ತು. ಹಣವುಳ್ಳ ಮುದುಕನಿಗೆ ಎಳೆಯ ಹುಡುಗಿ ಸಿಗುತ್ತಿದ್ದಳು. ಹಣವಿಲ್ಲದ ತರುಣ ಸಾಲ ಮಾಡಬೇಕು, ಇಲ್ಲವೆ ಬ್ರಹ್ಮಚಾರಿಯಾಗಿ ಉಳಿಯಬೇಕು. ಈ ವ್ಯಾಪಾರವನ್ನು ಶಾಸ್ತ್ರಿ ನಗೆಯಿಂದಲೇ ಹೊಡೆದ. ಅದೂ ಪುರಾಣದ ರಾಜರ ಬಾಯಿಂದಲ್ಲ, ಅಡಿಗೆಮನೆಯಲ್ಲಿ ನಾವಾಡುವ ಹವ್ಯಕ ಕನ್ನಡದಲ್ಲಿ. ಕೈಲಾಸಂ ಅವರ 'ಟೊಳ್ಳು ಗಟ್ಟಿ' ಬಂದುದು 1918ರಲ್ಲಿ. ಅದಕ್ಕಿಂತ ಮೂವತ್ತೊಂದು ವರ್ಷ ಮುಂಚೆಯೇ ಆಡುಮಾತಿನ ಸಾಮಾಜಿಕ ನಾಟಕವೊಂದು ನಮ್ಮ ಕರಾವಳಿಯವನ ಲೇಖನಿಯಿಂದ ಇಳಿದಿತ್ತು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ವಿದ್ವಾಂಸರು ಅದನ್ನು ಗುರುತಿಸಿದ್ದಾರೆ. ಆದರೂ ಕಾಲೇಜು ಓದಿದ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನರಿಗೆ ಆ ಹೆಸರು ಗೊತ್ತಿರುವುದಿಲ್ಲ. ಹಾಸ್ಯಕ್ಕೆ ನಮ್ಮಲ್ಲಿ ಎಂದೂ ಹಿಂದಿನ ಬೆಂಚು.

ಇನ್ನು ರಾತ್ರಿಯ ಮದುವೆ. 'ಚಂದ್ರಹಾಸ ಚರಿತ್ರೆ' ಎಂಬ ಪ್ರಸಂಗ ನಮ್ಮ ಬಡಗುತಿಟ್ಟಿನಲ್ಲಿ ಎಷ್ಟು ಸಲ ಆಡಿದರೂ ಹಳತಾಗದುದು. ಲಕ್ಷ್ಮೀಶನ ಜೈಮಿನಿ ಭಾರತದ ಕಥೆ. ಕುಂತಳದ ಮಂತ್ರಿ ದುಷ್ಟಬುದ್ಧಿ, ಅನಾಥನಾಗಿ ಬೆಳೆದ ಚಂದ್ರಹಾಸನ ಕೈಯಲ್ಲಿಯೇ ಒಂದು ಪತ್ರ ಕೊಟ್ಟು ತನ್ನ ಮಗ ಮದನನ ಬಳಿಗೆ ಕಳಿಸುತ್ತಾನೆ. ತಂದವನಿಗೆ ವಿಷ ಕೊಡು ಎಂದು ಪತ್ರದ ಒಕ್ಕಣೆ. ಊರ ಹೊರಗಿನ ಉದ್ಯಾನದಲ್ಲಿ ಚಂದ್ರಹಾಸ ದಣಿದು ಮಲಗಿರುವಾಗ ಮಂತ್ರಿಯ ಮಗಳು ವಿಷಯೆ ಅಲ್ಲಿಗೆ ಬರುತ್ತಾಳೆ. ನೋಡುತ್ತಾಳೆ, ಮೆಚ್ಚುತ್ತಾಳೆ, ಪತ್ರ ಬಿಚ್ಚಿ ಓದುತ್ತಾಳೆ. ಅಪ್ಪ ಬರೆಯುವಾಗ ಅಕ್ಷರ ತಪ್ಪಿರಬೇಕೆಂದು ನಿಶ್ಚಯಿಸಿ, ಕಣ್ಣ ಕಾಡಿಗೆಯನ್ನು ಉಗುರಿನಲ್ಲಿ ತೆಗೆದು, ವಿಷವನ್ನು ವಿಷಯೆ ಎಂದು ತಿದ್ದುತ್ತಾಳೆ! ಅಣ್ಣ ತಂದೆಯ ಆಜ್ಞೆಯೆಂದು ಆ ಕ್ಷಣವೇ ಮದುವೆ ಮಾಡುತ್ತಾನೆ. ದುಷ್ಟಬುದ್ಧಿ ಹೆಣ ನೋಡಲು ಬಂದವನು ಮದುವೆಯ ಚಪ್ಪರ ನೋಡುತ್ತಾನೆ. ಮುಂದೆ ಕಥೆ ರಕ್ತಕ್ಕೆ ಇಳಿಯುತ್ತದೆ, ಅದು ಬೇರೆ. ಆದರೆ ಆ ಪತ್ರ ತಿದ್ದುವ ಭಾಗದಂಥ ಪ್ರೇಮಹಾಸ್ಯ ಯಾವ ದೇಶದ ಸಾಹಿತ್ಯದಲ್ಲಿ ಸಿಕ್ಕೀತು?

ಹಗಲಿನಲ್ಲಿ ತೂಕಕ್ಕೆ ಹಾಕಿದ ಹೆಣ್ಣು ಬಾಯಿ ತೆರೆಯುವಂತಿಲ್ಲ; ರಾತ್ರಿಯಲ್ಲಿ ಹೆಣ್ಣೊಬ್ಬಳು ಅಪ್ಪನ ಪತ್ರವನ್ನೇ ತಿದ್ದಿ ತನ್ನ ಮದುವೆ ತಾನೇ ಮಾಡಿಕೊಳ್ಳುತ್ತಾಳೆ. ಆಟದ ಗದ್ದೆಯ ಒಂದು ಪಕ್ಕಕ್ಕೆ ಕುಳಿತ ಹೆಂಗಸರು ಆ ಹೊತ್ತಿಗೆ ಎಲೆಯಡಿಕೆ ಮೆಲ್ಲುವುದನ್ನೂ ಮರೆತು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಹಿರಿಯರಿಗೆ ಆಟವೆಂದರೆ ಇದ್ದ ಅಂಜಿಕೆ ಕೇವಲ ಬೀಜಗಣಿತದ್ದಲ್ಲ.

ಆ ವಿಷಯೆಯಾಗಿ ಬರುತ್ತಿದ್ದವನು ಗಂಡಸು. ಆಟದ ಮನೆಯಲ್ಲಿ ಕಲಿಕೆಗೆ ಮೆಟ್ಟಲುಗಳಿವೆ. ಹುಡುಗ ಮೊದಲು ಕೋಡಂಗಿಯಾಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ. ಗಡ್ಡ ಮೂಡುವ ಮೊದಲು ಹೆಣ್ಣಾಗಿ ನಡೆಯಲು ಕಲಿತವನೇ ಮುಂದೆ ಗಂಡುವೇಷದಲ್ಲಿ ಗಾಂಭೀರ್ಯದಿಂದ ನಿಲ್ಲಬಲ್ಲನೆಂದು ಹಳಬರ ಮತ. ವೇಷ ಕಟ್ಟುವ ಜಾಗಕ್ಕೆ ಚೌಕಿ ಎನ್ನುತ್ತಾರೆ. ಅಲ್ಲಿ ಚಾಪೆಯ ಮೇಲೆ ಸಾಲಾಗಿ ಕುಳಿತು, ಕೊಬ್ಬರಿ ಎಣ್ಣೆಯಲ್ಲಿ ಸಫೇತು, ಅರದಾಳ, ಇಂಗಳೀಕ ಕಲಸಿ, ಅಂಗೈಯಗಲದ ಕನ್ನಡಿ ಹಿಡಿದು ತಮ್ಮ ಮುಖ ತಾವೇ ಬರೆದುಕೊಳ್ಳಬೇಕು. ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹೊದಿಸಿದ ಭುಜಕೀರ್ತಿ, ಎದೆಪದಕ, ಡಾಬುಗಳು; ಸ್ತ್ರೀವೇಷಕ್ಕೆ ಚೌರಿಯ ಜಡೆ, ಸೀರೆ. ಕಟ್ಟುವುದು ಎಲ್ಲವೂ ದಾರದಲ್ಲಿ, ಹುರಿಯಲ್ಲಿ. ಗಂಟು ಸಡಿಲವಾದರೆ ಮಹಾರಾಜನೂ ಬಯಲಾಗುತ್ತಾನೆ.

ಗಂಡು ಹೆಣ್ಣಾಗುವುದು ನಮ್ಮಲ್ಲಿ ಮಾತ್ರ ಇದ್ದ ಸಂಪ್ರದಾಯವಲ್ಲ. ಆ ಗೊಂಬೆಯ ಹುಡುಗನ ಜಪಾನಿನಲ್ಲಿಯೇ ನೋಡಿರಿ. ಅವರ ಕಬುಕಿ ನಾಟಕವನ್ನು 1603ರ ಸುಮಾರಿಗೆ ಕ್ಯೋಟೋದಲ್ಲಿ ಆರಂಭಿಸಿದವಳು ಒಕುನಿ ಎಂಬ ಹೆಂಗಸು. 1629ರಲ್ಲಿ ಸರಕಾರ ಹೆಂಗಸರು ರಂಗ ಹತ್ತಕೂಡದೆಂದು ತಡೆಯಿತು. ಅಂದಿನಿಂದ ಹೆಣ್ಣಿನ ಪಾತ್ರ ಗಂಡಸರ ಪಾಲಾಗಿ, 'ಒನ್ನಗಾತಾ' ಎಂಬ ಒಂದು ದೊಡ್ಡ ಕಲೆಯೇ ಬೆಳೆಯಿತು. ನಮ್ಮ ನೆರೆಯ ಮರಾಠಿಯಲ್ಲಿ ಬಾಲಗಂಧರ್ವರು (1888–1967) ಉಟ್ಟ ಸೀರೆಯ ರೀತಿಯನ್ನು ಗೃಹಿಣಿಯರು ಅನುಸರಿಸುತ್ತಿದ್ದರು. ಅಷ್ಟು ದೂರವೇಕೆ, ಭಾರತದ ಕಥೆಯಲ್ಲಿ ಮಹಾವೀರ ಅರ್ಜುನನೇ ಒಂದು ವರ್ಷ ಬೃಹನ್ನಳೆಯಾಗಿ ವಿರಾಟನ ಮಗಳಿಗೆ ಕುಣಿತ ಕಲಿಸಲಿಲ್ಲವೇ? ಅವನಿಗೆ ಗಾಂಡೀವವನ್ನು ಬನ್ನಿಮರದಲ್ಲಿ ಬಚ್ಚಿಡುವ ಪ್ರಸಂಗ ಬಂತು. ನಮ್ಮ ಪಾಡು ಅದಕ್ಕೆ ತಿರುಗುಮುರುಗು. ನಾವು ಬಿಲ್ಲನ್ನು ಹೊರಗಿಟ್ಟು ಗೆಜ್ಜೆಯನ್ನು ಬಚ್ಚಿಟ್ಟೆವು.

ನಾವು ಎಂದರೆ ನಾನು ಮತ್ತು ನನ್ನ ಒಬ್ಬ ಗೆಳೆಯ. 1965ರ ಸುಮಾರು, ಇಬ್ಬರೂ ಒಂಬತ್ತನೆಯ ಇಯತ್ತೆ. ಅವನು ಬೇರೆ ಜಾತಿಯವನು, ಕೂಲಿ ಮಾಡುವವರ ಮನೆಯ ಹುಡುಗ. ಅವನ ಸೋದರಮಾವ ಒಂದು ಸಣ್ಣ ಮೇಳದಲ್ಲಿ ಕುಣಿಯುತ್ತಿದ್ದನು. ಹಳೆಯದೊಂದು ಜೊತೆ ಗೆಜ್ಜೆ ಮಾವನಿಂದ ಅವನಿಗೆ ಬಂದಿತ್ತು. ಶಾಲೆ ಬಿಟ್ಟ ಮೇಲೆ ನಾವು ಧಾರೇಶ್ವರದ ಕಡಲ ದಂಡೆಯ ಗಾಳಿಮರಗಳ ಆಚೆ ಹೋಗುತ್ತಿದ್ದೆವು. ಒಬ್ಬನ ಕಾಲಿಗೆ ಒಂದು ಗೆಜ್ಜೆ, ಇನ್ನೊಬ್ಬನ ಕಾಲಿಗೆ ಇನ್ನೊಂದು. ಅವನು ಬಾಯಲ್ಲಿ ತಾಳ ಹೇಳುತ್ತ ಕುಣಿಯುತ್ತಿದ್ದನು, ನಾನು ನೋಡಿ ಕಲಿಯುತ್ತಿದ್ದೆ. ತೆರೆಯ ಸದ್ದಿನಲ್ಲಿ ಗೆಜ್ಜೆಯ ಸದ್ದು ಮುಳುಗಿಹೋಗುತ್ತಿತ್ತು. ಸರದಿಯ ಮೇಲೆ ಗೆಜ್ಜೆ ಒಬ್ಬೊಬ್ಬನ ಪಾಟೀಚೀಲದಲ್ಲಿ ಇರುತ್ತಿತ್ತು. ಸದ್ದಾಗದಂತೆ ನನ್ನ ಆಯಿಯ ಹಳೆಯ ಸೀರೆಯ ತುಂಡು ಸುತ್ತಿಡುತ್ತಿದ್ದೆವು.

ಆ ವರ್ಷ ಹತ್ತಿರದ ಊರಿನಲ್ಲಿ ಹವ್ಯಾಸಿಗಳ ಆಟವೊಂದು ಆಯಿತು. ಪ್ರಸಂಗ ಚಂದ್ರಹಾಸ. ಅವನಿಗೆ ವಿಷಯೆಯ ಪಾತ್ರ, ನನಗೆ ಸಖಿಯರಲ್ಲಿ ಒಬ್ಬಳ ಪಾತ್ರ. ಅಪ್ಪಯ್ಯನಿಗೆ ಗೆಳೆಯನ ಮನೆಯಲ್ಲಿ ಓದಿಕೊಳ್ಳುತ್ತೇನೆಂದು ಹೇಳಿ ಹೋದೆ. ಆ ರಾತ್ರಿ ಅವನು ಉದ್ಯಾನದಲ್ಲಿ ಮಲಗಿದ ಚಂದ್ರಹಾಸನನ್ನು ಕಂಡು ಹೆಜ್ಜೆ ಹಿಂದಿಟ್ಟು, ಕಣ್ಣಿನ ಕಾಡಿಗೆಗೆ ಬೆರಳು ಒಯ್ದ ರೀತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆ ಮೇಲೆ ಹೆಸರಾಂತ ವಿಷಯೆಯರನ್ನು ಎಷ್ಟೋ ನೋಡಿದೆ; ಆ ಬೆರಳು ಮರೆಯಲಿಲ್ಲ.

ಮರುದಿನ ಶಾಲೆಯಲ್ಲಿ ಅವನ ಕಿವಿಯ ಹಿಂದೆ ಇಂಗಳೀಕದ ಕೆಂಪು ಉಳಿದಿತ್ತು. ನನ್ನ ಮನೆಯಲ್ಲಿ ಬಚ್ಚಲಿಗೆ ಬಿಸಿನೀರು, ಸೀಗೆಪುಡಿ ಇದ್ದವು. ಅವನು ಬಾವಿಯ ತಣ್ಣೀರಿನಲ್ಲಿ ಮುಖ ತೊಳೆದು ಬಂದಿದ್ದನು. ಮಾಸ್ತರರು ಅವನನ್ನು ಎಬ್ಬಿಸಿ ನಿಲ್ಲಿಸಿದರು. ಹೆಣ್ಣಾಗಿ ಕುಣಿದನೆಂದು ತರಗತಿ ನಕ್ಕಿತು. ಬೆತ್ತ ಬಿತ್ತು. "ಜೊತೆಗೆ ಇನ್ನೊಬ್ಬ ಇದ್ದನಂತೆ, ಯಾರವನು?" ಎಂದು ಕೇಳಿದರು. ಅವನು ಹೇಳಲಿಲ್ಲ. ನಾನು ಎರಡನೆಯ ಬೆಂಚಿನಲ್ಲಿ ಕುಳಿತಿದ್ದೆ. ನನ್ನ ಚೀಲದಲ್ಲಿ, ಸೀರೆಯ ತುಂಡಿನೊಳಗೆ, ಗೆಜ್ಜೆ ಇತ್ತು. ನಾನು ಏಳಲಿಲ್ಲ. ನಗುವವರ ಜೊತೆಗೆ ಸ್ವಲ್ಪ ನಕ್ಕೆನೆಂದೂ ನೆನಪು.

ಅವನು ಆ ವರ್ಷವೇ ಶಾಲೆ ಬಿಟ್ಟನು. ಬೆತ್ತವೊಂದೇ ಕಾರಣವಲ್ಲ, ಫೀಜಿನ ಹಣಕ್ಕೂ ತೊಂದರೆಯಿತ್ತು. ಮೇಳ ಸೇರಿದನು. ನಾನು ಮ್ಯಾಟ್ರಿಕ್ ಮುಗಿಸಿ, ಅಪ್ಪಯ್ಯನ ಇಷ್ಟದಂತೆ ಮುಂಬಯಿಗೆ ಹೋಗಿ, ಕಚೇರಿಯ ಕುರ್ಚಿಯಲ್ಲಿ ಮೂವತ್ತೈದು ವರ್ಷ ಕುಳಿತೆ. ಒಂದೇ ಹವ್ಯಾಸ ನನಗೆ ಗುಟ್ಟಾಗಿತ್ತು, ಅವನಿಗೆ ಅನ್ನವಾಯಿತು. ಗುಟ್ಟು ಇಟ್ಟುಕೊಳ್ಳುವುದಕ್ಕೂ ಮನುಷ್ಯನಿಗೆ ಸ್ವಲ್ಪ ಅನುಕೂಲ ಬೇಕು, ಬಿಸಿನೀರು ಬೇಕು.

ಈ ನಡುವೆ ಆಟದ ಯೋಗ ತಿರುಗಿತು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು (1908–1992) ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದ್ದುದು 1934ರಲ್ಲಿ. ಮೊದಲು ಹೇಳಿದ ಆ ವಟುವಿನ ಹೆಸರಿನಲ್ಲಿಯೇ, ಆ ಮುಚ್ಚಳ ಬಿದ್ದ ಊರಿನಲ್ಲಿಯೇ! ಡಾ. ಶಿವರಾಮ ಕಾರಂತರು ಹಳೆಯ ಪ್ರತಿಗಳನ್ನೂ ಕುಣಿತದ ಹೆಜ್ಜೆಗಳನ್ನೂ ಹುಡುಕುತ್ತ ಊರೂರು ಅಲೆದು ಬರೆದ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ನಾವು ಗೆಜ್ಜೆ ಬಚ್ಚಿಡುತ್ತಿದ್ದ ಕಾಲಕ್ಕೆ ಆ ಗ್ರಂಥ ದೆಹಲಿಯಲ್ಲಿ ಮನ್ನಣೆ ಪಡೆದು ಆರು ವರ್ಷವಾಗಿತ್ತು. ನಮ್ಮ ತರಗತಿಗೆ ಆ ವಾರ್ತೆ ಮುಟ್ಟಿರಲಿಲ್ಲ, ಅಷ್ಟೆ. 1970ರಲ್ಲಿ ಶಿವರಾಮ ಹೆಗಡೆಯವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಮಗ ಶಂಭು ಹೆಗಡೆಯವರು (1938–2009) ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿತು ಬಂದು, 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಎಂಬ ಶಿಕ್ಷಣ ಕೇಂದ್ರ ತೆರೆದರು. ಗಾಳಿಮರದ ಮರೆಯಲ್ಲಿ ನಾವು ಕದ್ದು ಕಲಿತುದನ್ನು ಅಲ್ಲಿ ಮಕ್ಕಳು ಹಾಡುಹಗಲಿನಲ್ಲಿ, ಹಾಜರಿ ಹಾಕಿಸಿಕೊಂಡು ಕಲಿತರು.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರನನ್ನೂ ದುಷ್ಟಬುದ್ಧಿಯನ್ನೂ ನೋಡದವರು ನಮ್ಮ ಕಡೆ ವಿರಳ. ಮೋಹಿನಿಯ ಹಿಂದೆ ಮರುಳಾಗಿ ಕುಣಿಯುವ ಆ ರಾಕ್ಷಸನ ಶೃಂಗಾರದಲ್ಲಿ ನಗೆಯೂ ಇತ್ತು, ಮರುಕವೂ ಇತ್ತು. ಶಾಲೆಯಲ್ಲಿ ಹೆಚ್ಚು ಓದದ ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ, ಯಕ್ಷಗಾನದವನೊಬ್ಬನಿಗೆ ಆ ಗೌರವ ಅದೇ ಮೊದಲು. ನಮ್ಮ ಊರಿನ ಹೆಸರನ್ನೇ ಹೊತ್ತ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು (1957–2024) ದೀರ್ಘಕಾಲ ಪೆರ್ಡೂರು ಮೇಳದಲ್ಲಿ ಹಾಡಿ, ಧಾರೇಶ್ವರ ಎಂದರೆ ಜನರಿಗೆ ಮೊದಲು ಕಂಠ ನೆನಪಾಗಿ ಆಮೇಲೆ ದೇವಸ್ಥಾನ ನೆನಪಾಗುವಂತೆ ಮಾಡಿದರು. ಅಮೆರಿಕೆಯ ಮಾರ್ತಾ ಆಶ್ಟನ್ ಎಂಬ ಹೆಂಗಸು ಹಿರಿಯಡಕ ಗೋಪಾಲರಾಯರ ಬಳಿ ಹೆಜ್ಜೆ ಕಲಿತು, 1977ರಲ್ಲಿ ಯಕ್ಷಗಾನದ ಮೇಲೆ ಗ್ರಂಥವನ್ನೇ ಹೊರತಂದಳು. ಈಗ ಹೆಣ್ಣುಮಕ್ಕಳು ಹೆಣ್ಣುವೇಷವನ್ನಷ್ಟೇ ಅಲ್ಲ, ಕಿರೀಟ ಕಟ್ಟಿ ರಾಕ್ಷಸನ ವೇಷವನ್ನೂ ಮಾಡುತ್ತಾರೆ. ಇನ್ನೊಂದು ಕಡೆ, ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಸಾಹಿತ್ಯಕ್ಕೆ ಒಬ್ಬರೇ ನಿಂತು ಇಡೀ ರಾತ್ರಿಯ ಸ್ತ್ರೀಭಾವವನ್ನು ಒಂದೆರಡು ತಾಸಿನಲ್ಲಿ ತೋರಿಸಿದಾಗ ಪಟ್ಟಣದ ಸಭಾಗೃಹಗಳು ತುಂಬಿದವು. ಗಂಡು ಹೆಣ್ಣಾಗಿ ಕುಣಿದನೆಂದು ಅಲ್ಲಿ ಯಾರೂ ನಗಲಿಲ್ಲ.

ಆದರೆ ಪ್ರಶಸ್ತಿಯ ಪಟ್ಟಿಯೇ ಇತಿಹಾಸವಾಗಲಾರದು. ಒಬ್ಬ ಚಿಟ್ಟಾಣಿಯವರ ಹಿಂದೆ ಹೆಸರಿಲ್ಲದ ನೂರು ಮಂದಿ ಚೌಕಿಯ ಚಾಪೆಯ ಮೇಲೆ ಸವೆದಿದ್ದಾರೆ. ಸ್ತ್ರೀವೇಷದವನ ಬಾಳು ಅವರಲ್ಲಿಯೂ ಕಿರಿದು. ಪುರುಷವೇಷಕ್ಕೆ ವಯಸ್ಸು ಗಾಂಭೀರ್ಯ ಕೊಡುತ್ತದೆ; ಸ್ತ್ರೀವೇಷಕ್ಕೆ ದವಡೆ ಬಲಿತರೆ, ಸೊಂಟ ದಪ್ಪವಾದರೆ ಕೆಲಸ ತೀರಿತು. ನನ್ನ ಗೆಳೆಯನಿಗೂ ಹಾಗೆಯೇ ಆಯಿತೆಂದು ಊರಿಗೆ ಬಂದಾಗಲೆಲ್ಲ ಕೇಳಿ ತಿಳಿದಿದ್ದೆ. ಕೇಳಿ ತಿಳಿಯುವುದೇ ಹೊರತು ಹೋಗಿ ನೋಡಿರಲಿಲ್ಲ. ಏಕೆಂದು ವಾಚಕರಿಗೆ ಹೇಳಬೇಕಾದುದಿಲ್ಲ.

ಮೊಮ್ಮಗಳ ಚಿತ್ರದ ಆ ಹುಡುಗಿ ಗೊಜೊನನ್ನು ಕಂಡು ನಗದೆ ನಿಂತ ಭಾಗವನ್ನು ನೋಡಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ಅಟ್ಟದ ಟ್ರಂಕಿನಿಂದ ಒಂದು ಗಂಟು ತೆಗೆದೆ. ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದೆ, ನಕ್ಕುದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ, ನಡಿ ಹೋಪನ" ಎಂದಳು.

ಅವನ 'ಮನೆ' ಹೊನ್ನಾವರದ ಕಡೆಯ ಒಂದು ಕೇರಿಯಲ್ಲಿ. ಜಗಲಿಯಲ್ಲಿ ಹೊಲಿಗೆಯ ಯಂತ್ರ. ಮೇಳದ ಹುಡುಗರಿಗೆ ರವಿಕೆ, ದಗಲೆ ಹೊಲಿದು ಕೊಡುತ್ತಾನೆ, ಹಳೆಯ ಸಾಮಾನು ದುರಸ್ತಿ ಮಾಡುತ್ತಾನೆ. ಗುರುತು ಹತ್ತಲು ಅವನಿಗೆ ಹೊತ್ತು ಬೇಕಾಗಲಿಲ್ಲ. ಆದರೆ ಶಾಲೆಯಲ್ಲಿ 'ನೀನು' ಎನ್ನುತ್ತಿದ್ದವನು ಈಗ "ಬನ್ನಿ, ಕೂತ್ಕೊಳ್ಳಿ" ಎಂದನು. ಆ 'ನೀವು' ನನಗೆ ಬೆತ್ತದಂತೆ ತಾಗಿತು. ಹೇಳಬೇಕೆಂದು ಬಂದುದನ್ನು ಹೇಗೋ ಹೇಳಿ ಮುಗಿಸಿದೆ.

ಅವನು ನಕ್ಕನು. "ನೀವು ಎದ್ದು ನಿಂತಿದ್ರೆ ನಿಮಗೂ ನಾಲ್ಕು ಬೀಳ್ತಿತ್ತು, ಅಷ್ಟೆ. ನನಗೆ ಬಿದ್ದದ್ದರಲ್ಲಿ ಒಂದೂ ಕಡಿಮೆ ಆಗ್ತಿರಲಿಲ್ಲ" ಎಂದನು. ಸ್ವಲ್ಪ ತಡೆದು, "ಎದ್ದು ನಿಲ್ತೀರಿ ಅಂದ್ಕಂಡಿದ್ದೆ, ಖರೆ" ಎಂದನು.

ನಾನು ಗಂಟು ಬಿಚ್ಚಿ ಅವನ ಮುಂದಿಟ್ಟೆ. ಆಯಿಯ ಸೀರೆಯ ತುಂಡು ಪುಡಿಯಾಗುವಂತಾಗಿತ್ತು. ಅವನು ಗೆಜ್ಜೆಯನ್ನು ಕೈಗೆತ್ತಿಕೊಂಡು ಒಂದೊಂದೇ ಮುಟ್ಟಿ ಎಣಿಸಿದನು. "ನಾಕು ಉದುರಿವೆ" ಎಂದನು. ಯಂತ್ರದ ಕೆಳಗಿನ ಡಬ್ಬಿ ತಡಕಿ ನಾಲ್ಕು ಗೆಜ್ಜೆ ತೆಗೆದನು. ಕಣ್ಣು ಸಾಲದೆ ಸೂಜಿಗೆ ದಾರ ಪೋಣಿಸಲಾರದಾದಾಗ ನನ್ನ ಮೊಮ್ಮಗಳು ಪೋಣಿಸಿ ಕೊಟ್ಟಳು. ಅವನು ಕನ್ನಡಕ ಏರಿಸಿ, ಯಾವುದು ಯಾರ ಕಾಲಿನದೆಂದು ಕೇಳದೆ, ಎರಡನ್ನೂ ಹೊಲಿಯಲು ಕುಳಿತನು.